ಕಂಡರಿಯದ ಬಿರುಗಾಳಿಗೆ ಜಾಮೀನು

ತಿಳವಳ್ಳಿಯ ಸದ್ಗೃಹಸ್ಥರೊಬ್ಬರು ಕಳೆದ ವಾರ ನಮ್ಮ ಕಚೇರಿಗೆ ದಯಮಾಡಿಸಿದ್ದರು. ಮೂವತ್ತು ವರ್ಷಗಳಿಗೂ ಮಿಕ್ಕಿ ಸರಕಾರಿ ನೌಕರಿಯನ್ನು ನಿಷ್ಕಳಂಕವಾಗಿ ಮಾಡಿ, ನಿವೃತ್ತಿಯ ಕಾಲಕ್ಕೆ ಕೈಗೆ ಬಂದ ಮೊತ್ತವನ್ನು ಬ್ಯಾಂಕಿನಲ್ಲಿಟ್ಟು, ಅದರ ಬಡ್ಡಿಯ ಬಲದಿಂದ ಮರ್ಯಾದೆಯಾಗಿ ಸಂಸಾರ ನಡೆಯಿಸಿಕೊಂಡು ಬಂದವರು. ಬೆಂಗಳೂರಿನಲ್ಲಿರುವ ಅವರ ಮಗನು ಒಂದು ಯೋಜನೆಯ ವಿವರಗಳನ್ನು ಕಳಿಸಿದ್ದನು. ವೆಸ್ಟ್ ಇಂಡೀಜ್ ಸಮುದ್ರದ ಕೇಮನ್ ದ್ವೀಪಗಳಲ್ಲಿ ನೆಲೆಸಿದ ಒಂದು ಸಣ್ಣ ಪುನರ್ವಿಮೆಯ ಕಂಪನಿಯು ತನ್ನ ವಿಮೆಯ ಹೊಣೆಯನ್ನು ಚಿಕ್ಕ ಚಿಕ್ಕ ಪಾಲುಗಳಾಗಿ ಒಡೆದು, ‘ಟೋಕನ್’ಗಳೆಂಬ ಹೆಸರಿನಿಂದ ಲೋಕದಲ್ಲೆಲ್ಲ ಮಾರುತ್ತಿದೆ, ವರ್ಷಕ್ಕೆ ನೂರಕ್ಕೆ ೪೨ರಂತೆ ಪ್ರತಿಫಲದ ಗುರಿಯನ್ನಿಟ್ಟುಕೊಂಡಿದೆ. “ಇದರಲ್ಲಿ ಹಣ ಹಾಕಬಹುದೇ? ಬ್ಯಾಂಕಿನವರು ಇದರ ಆರನೆಯ ಒಂದು ಪಾಲನ್ನೂ ಕೊಡುವದಿಲ್ಲವಲ್ಲ!” ಎಂದು ಆ ಮಹನೀಯರು ಕೇಳಿದರು.

ಪ್ರಶ್ನೆಯು ಒಬ್ಬರದಾಗಿದ್ದರೆ ನಾವು ಉತ್ತರವನ್ನು ಅವರಿಗೇ ಹೇಳಿ ಸುಮ್ಮನಿರುತ್ತಿದ್ದೆವು. ಆದರೆ ಹಾನಗಲ್ಲು, ಹಿರೇಕೆರೂರು, ಶಿಗ್ಗಾವಿ, ಸವಣೂರುಗಳ ಅನೇಕ ಮನೆಗಳ ಮಕ್ಕಳು ದೂರದ ಊರುಗಳಲ್ಲಿ ಗಳಿಸುತ್ತಿದ್ದಾರೆ. ಅವರ ಕೈಯೊಳಗಿನ ಯಂತ್ರಗಳ ಮೂಲಕ ಇಂಥ ಆಮಂತ್ರಣಗಳು ನಮ್ಮ ಪಡಸಾಲೆಗಳವರೆಗೆ ದಿನಾಲು ಬರುತ್ತಿವೆ. ಆದುದರಿಂದ ಇದನ್ನು ಬಹಿರಂಗವಾಗಿ ವಿಚಾರಿಸುವದು ಪತ್ರಿಕೆಯ ಕರ್ತವ್ಯವೆಂದು ಭಾವಿಸಿದ್ದೇವೆ. ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇವೆ. ಇದು ಮೋಸದ ವ್ಯವಹಾರವೆಂದು ನಾವು ಹೇಳುವದಿಲ್ಲ. ಮೋಸವಾಗಿದ್ದರೆ ಎರಡು ಸಾಲುಗಳಲ್ಲಿ ಎಚ್ಚರಿಕೆ ಕೊಟ್ಟು ಮುಗಿಸಬಹುದಾಗಿತ್ತು. ಪ್ರಾಮಾಣಿಕವಾದ ವ್ಯವಹಾರವೂ ಎಲ್ಲರಿಗೂ ತಕ್ಕುದಾಗಿರುವದಿಲ್ಲ. ವಿಚಾರಕ್ಕೆ ಅವಕಾಶವಿರುವದು ಇಲ್ಲಿಯೇ.

ವಿಮೆಯ ತತ್ತ್ವವನ್ನು ನಮ್ಮ ವಾಚಕರು ಬಲ್ಲರು. ನೂರು ಮನೆಗಳವರು ತಲೆಗಿಷ್ಟೆಂದು ಕೂಡಿಸಿ, ಬೆಂಕಿ ಬಿದ್ದ ಒಂದು ಮನೆಯನ್ನು ಕಟ್ಟಿಸಿಕೊಡುವದೇ ಅದರ ಸಾರ. ಆದರೆ ನೂರೂ ಮನೆಗಳು ಒಮ್ಮೆಲೇ ಸುಟ್ಟರೆ ಮಾಡುವದೇನು? ೧೮೪೨ರಲ್ಲಿ ಜರ್ಮನಿಯ ಹ್ಯಾಂಬರ್ಗ್ ಪಟ್ಟಣಕ್ಕೆ ಬೆಂಕಿ ಬಿದ್ದು ದೊಡ್ಡ ಭಾಗವು ಭಸ್ಮವಾದಾಗ ಅಲ್ಲಿಯ ವಿಮೆಯ ನಿಧಿಗಳು ಈ ಪ್ರಶ್ನೆಗೆ ಉತ್ತರ ಕೊಡಲಾರದೆ ಹೋದವು. ಆ ಅನುಭವದಿಂದ ೧೮೪೬ರಲ್ಲಿ ಕೊಲೋನಿನಲ್ಲಿ, ವಿಮೆಗಾರರಿಗೇ ವಿಮೆ ಕೊಡತಕ್ಕ ಪ್ರತ್ಯೇಕ ಕಂಪನಿಯು ಹುಟ್ಟಿತು. ೧೮೬೩ರಲ್ಲಿ ಸ್ವಿಟ್ಜರ್ಲಂಡಿನಲ್ಲಿಯೂ ೧೮೮೦ರಲ್ಲಿ ಮ್ಯೂನಿಕ್ಕಿನಲ್ಲಿಯೂ ಸ್ಥಾಪಿತವಾದ ಇಂಥ ಸಂಸ್ಥೆಗಳು ಇಂದಿಗೂ ಲೋಕದ ದೊಡ್ಡ ಪುನರ್ವಿಮೆಗಾರರಾಗಿ ಬಾಳುತ್ತಿವೆ. ನಮ್ಮ ದೇಶದಲ್ಲಿ ಸಾಮಾನ್ಯ ವಿಮೆಯ ರಾಷ್ಟ್ರೀಕರಣದ ಜೊತೆಗೆ ೧೯೭೨ರಲ್ಲಿ ಸ್ಥಾಪಿತವಾದ ಭಾರತೀಯ ಸಾಮಾನ್ಯ ವಿಮಾ ನಿಗಮವು ಈಗ ಇದೇ ಕೆಲಸವನ್ನು ಮಾಡುತ್ತಿದೆ.

ಪುನರ್ವಿಮೆಯ ಅವಶ್ಯಕತೆಯನ್ನು ಕಾಣಲು ನಾವು ಜರ್ಮನಿಗೆ ಹೋಗಬೇಕಾಗಿಲ್ಲ. ೨೦೨೩ರಲ್ಲಿ ಮಳೆ ಕೈಕೊಟ್ಟಾಗ ಕರ್ನಾಟಕದ ೨೩೬ ತಾಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸರಕಾರವು ಸಾರಬೇಕಾಯಿತು. ಹಾನಗಲ್ಲಿನ ರೈತನಿಗೆ ನಷ್ಟವಾದ ವರ್ಷ ರಾಣೆಬೆನ್ನೂರಿನವನು ಸಹಾಯ ಮಾಡಲಾರನು, ಏಕೆಂದರೆ ಅವನಿಗೂ ಅದೇ ವರ್ಷ ನಷ್ಟ. ಹೊರೆಯನ್ನು ದೂರಕ್ಕೆ, ಬೇರೆ ಮಳೆ, ಬೇರೆ ಗಾಳಿ, ಬೇರೆ ಭೂಮಿಯಿರುವ ಕಡೆಗೆ ಸಾಗಿಸದೆ ವಿಮೆಯು ನಿಲ್ಲಲಾರದು. ಹೀಗೆ ಹೊರೆಯನ್ನು ಹಂಚುವದೇ ಪುನರ್ವಿಮೆಯ ಧರ್ಮ. ಈ ಶಬ್ದವನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ನಿರ್ಣಯವು ಇದರ ಮೇಲೆಯೇ ನಿಂತಿದೆ.

ಇನ್ನು ಪ್ರಸ್ತುತ ಕಂಪನಿಯ ವಿಷಯ. ಇದರ ಹೆಸರು ಆಕ್ಸ್‌ಬ್ರಿಜ್ ರೀ. ೨೦೧೩ರಲ್ಲಿ ಕೇಮನ್ ದ್ವೀಪಗಳಲ್ಲಿ ಸ್ಥಾಪಿತವಾಗಿ, ೨೦೧೪ರಲ್ಲಿ ಅಮೇರಿಕೆಯ ನಾಸ್ಡಾಕ್ ಶೇರುಪೇಟೆಯನ್ನು ಪ್ರವೇಶಿಸಿತು. ಅಮೇರಿಕೆಯ ದಕ್ಷಿಣ ಕರಾವಳಿಯ, ಅದರಲ್ಲಿಯೂ ಮುಖ್ಯವಾಗಿ ಫ್ಲಾರಿಡಾ ಪ್ರಾಂತದ ಮನೆಗಳಿಗೆ ವಿಮೆ ಕೊಟ್ಟ ಕಂಪನಿಗಳು ಚಂಡಮಾರುತದ ಹೊಣೆಯ ಒಂದಂಶವನ್ನು ಇದಕ್ಕೆ ವಹಿಸುತ್ತವೆ. ಕರಾರಿನ ವರ್ಷವು ಜೂನ್ ೧ಕ್ಕೆ ಆರಂಭವಾಗಿ ಮುಂದಿನ ಮೇ ೩೧ಕ್ಕೆ ಮುಗಿಯುತ್ತದೆ. ಕೊಡಬೇಕಾಗಬಹುದಾದ ಗರಿಷ್ಠ ಮೊತ್ತವನ್ನು ಮೊದಲೇ ಒತ್ತೆಯಾಗಿ ತೆಗೆದಿರಿಸುವದು ಈ ಕಂಪನಿಯ ಪದ್ಧತಿ. ಆ ಒತ್ತೆಯ ಹಣವನ್ನು ಬಂಡವಾಳಗಾರರಿಂದ ಕೂಡಿಸುವದಕ್ಕಾಗಿ ಅದರ ಶಾಖೆಯಾದ ಶ್ಯೂರೆನ್ಸ್‌ಪ್ಲಸ್ ಎಂಬ ಸಂಸ್ಥೆಯು ೨೦೨೩ರಲ್ಲಿ ‘ಡೆಲ್ಟಾಕ್ಯಾಟ್ ರೀ’ ಎಂಬ ಟೋಕನ್ನನ್ನು ತಲಾ ಹತ್ತು ಡಾಲರಿನಂತೆ ಮಾರಿತು. ಆ ವರ್ಷ ಬಿರುಗಾಳಿಯು ಅದರ ಹೊಣೆಯನ್ನು ಮುಟ್ಟಲಿಲ್ಲ. ಕೊಂಡವರಿಗೆ ನೂರಕ್ಕೆ ಸುಮಾರು ೪೯ರಂತೆ ಲಾಭವಾಯಿತೆಂದು ಕಂಪನಿಯು ಪ್ರಕಟಿಸಿತು. ೨೦೨೫ರಲ್ಲಿ ಎರಡು ಬಗೆಯ ಟೋಕನ್‌ಗಳು ಹೊರಟವು: ಒಂದರ ಗುರಿ ನೂರಕ್ಕೆ ೨೦, ಇನ್ನೊಂದರ ಗುರಿ ೪೨.

ಒಂದೇ ಕಂಪನಿಯು ಒಂದೇ ವರ್ಷದಲ್ಲಿ ಒಬ್ಬನಿಗೆ ೨೦, ಇನ್ನೊಬ್ಬನಿಗೆ ೪೨ ಕೊಡಲು ಮುಂದಾಗುವದೇಕೆ? ಎರಡನೆಯವನ ಮೇಲೆ ಅದಕ್ಕೆ ಹೆಚ್ಚು ಪ್ರೀತಿಯೇ? ಅಲ್ಲ. ಎರಡನೆಯವನು ಗಾಳಿಯ ದಾರಿಯಲ್ಲಿ ಹೆಚ್ಚು ಮುಂದೆ ನಿಂತಿದ್ದಾನೆ. ಈ ನಲವತ್ತೆರಡು ಬಡ್ಡಿಯಲ್ಲ, ಅಪಾಯದ ಕೂಲಿ. ಬ್ಯಾಂಕಿನ ಬಡ್ಡಿಯೊಡನೆ ಇದನ್ನು ಹೋಲಿಸುವದೆಂದರೆ ಬಾವಿಯಿಂದ ನೀರು ಸೇದುವವನ ಕೂಲಿಯನ್ನು ಬಾವಿಯೊಳಗೆ ಇಳಿದು ಕಲ್ಲು ಸಿಡಿಸುವವನ ಕೂಲಿಯೊಡನೆ ಹೋಲಿಸಿದಂತೆಯೇ ಸರಿ.

ವ್ಯವಹಾರದ ಹೆಸರು ಹೊಸದಾದರೂ ವ್ಯವಹಾರವು ಹಳೆಯದು. ಇದನ್ನು ನಮ್ಮ ಪೇಟೆಯ ಭಾಷೆಯಲ್ಲಿ ಜಾಮೀನು ಎನ್ನುತ್ತಾರೆ. ಟೋಕನ್ ಕೊಂಡವನು ಲಾಭದಲ್ಲಿ ಪಾಲುಗಾರನೆಂದು ತಿಳಿಯುತ್ತಾನೆ. ನಿಜವಾಗಿ ಅವನು ತಾನೆಂದೂ ಕಾಣದ ಕರಾವಳಿಯ, ತಾನೆಂದೂ ಕಾಣದ ಮನೆಗಳ ಛಾವಣಿಗಳಿಗೆ ಜಾಮೀನುದಾರನಾಗಿದ್ದಾನೆ. ಗಾಳಿ ಬೀಸದಿದ್ದರೆ ಜಾಮೀನು ನಿಂತುದಕ್ಕೆ ಕೂಲಿ. ಬೀಸಿದರೆ ಒತ್ತೆಯಿಟ್ಟ ಹಣವು ಆ ಮನೆಗಳ ಹಂಚಿಗೆ ಹೋಗುತ್ತದೆ. ತಿಳವಳ್ಳಿಯ ಪೇಟೆಯಲ್ಲಿ ಒಬ್ಬನು ಇನ್ನೊಬ್ಬನಿಗೆ ಜಾಮೀನು ನಿಲ್ಲುವಾಗ ಎಷ್ಟು ವಿಚಾರಿಸುತ್ತಾನೆ! ಸಾಲಗಾರನು ಯಾರು, ಅವನ ಹೊಲವೆಷ್ಟು, ಅವನ ತಂದೆಯ ನಡತೆ ಹೇಗಿತ್ತು, ಮೊದಲಿನ ಸಾಲಗಳು ಹೇಗೆ ತೀರಿದವು ಎಂದು ನಾಲ್ಕು ಜನರನ್ನು ಕೇಳುತ್ತಾನೆ. ಕೇಳಿಯೂ ಮನೆಯಾಕೆಯ ಮಾತಿಗೆ ಹೆದರಿ ಹಿಂದೆಗೆಯುತ್ತಾನೆ. ಅದೇ ಮನುಷ್ಯನು ಬೆರಳಿನ ಒಂದು ತಟ್ಟಿನಿಂದ ಫ್ಲಾರಿಡಾಕ್ಕೆ ಜಾಮೀನು ನಿಲ್ಲಬಹುದೇ?

ಮೊದಲಿನ ಸಾಲಗಳು ಹೇಗೆ ತೀರಿದವೆಂಬದನ್ನು ನಾವೂ ಕೇಳೋಣ. ೨೦೧೭ರಲ್ಲಿ ಇರ್ಮಾ ಎಂಬ ಚಂಡಮಾರುತವು ಫ್ಲಾರಿಡಾಕ್ಕೆ ಬಡಿದಾಗ ಈ ಕಂಪನಿಯು ತನ್ನ ಬಂಡವಾಳದ ದೊಡ್ಡ ಪಾಲನ್ನು ಕಳೆದುಕೊಂಡಿತು. ೨೦೧೮ರಲ್ಲಿ ಮೈಕೆಲ್ ಎಂಬ ಮತ್ತೊಂದು ಬಿರುಗಾಳಿ ಬಂದಿತು, ಪುನಃ ನಷ್ಟ. ೨೦೨೪ರ ಅಕ್ಟೋಬರದಲ್ಲಿ ಮಿಲ್ಟನ್ ಬೀಸಿತು. ಅದರ ಭಾರವು ೨೦೨೫ರ ಲೆಕ್ಕಪತ್ರದಲ್ಲಿ ಕಂಪನಿಯನ್ನು ಮುಟ್ಟಿತು. ಗಾಳಿಯು ಒಂದು ದಿನದಲ್ಲಿ ಬೀಸಿ ಹೋದರೂ ಮನೆಗಳ ಹಾನಿಯ ಲೆಕ್ಕವು ತಿಂಗಳುಗಟ್ಟಲೆ ಬೆಳೆಯುತ್ತ ಹೋಗುವದು ಈ ವ್ಯಾಪಾರದ ಸ್ವಭಾವ. ಅಕ್ಟೋಬರದಲ್ಲಿ ಪಾರಾದೆನೆಂದು ಉಸಿರು ಬಿಟ್ಟವನು ಮುಂದಿನ ಬೇಸಿಗೆಯಲ್ಲಿ ಮುಳುಗಬಹುದು. ಇದರಲ್ಲಿ ಕಂಪನಿಯ ತಪ್ಪೇನೂ ಇಲ್ಲ. ಹೊಣೆ ಹೊತ್ತವರು ಕೊಡಲೇಬೇಕು. ಕೊಟ್ಟುದು ಅವರ ಪ್ರಾಮಾಣಿಕತೆ. ಆದರೆ ಕೊಟ್ಟ ಹಣವು ಯಾರದು ಎಂಬದನ್ನು ಹಣ ಹಾಕುವವನು ಅರಿತಿರಬೇಕು.

ಈಗ ಸ್ವಲ್ಪ ಗಣಿತ. ಒಬ್ಬನು ಸಾವಿರ ರೂಪಾಯಿಗಳನ್ನು ಇದರಲ್ಲಿ ತೊಡಗಿಸಿ, ವರ್ಷವರ್ಷವೂ ಲಾಭವನ್ನು ಮನೆಗೆ ತಂದು ಅಸಲನ್ನು ಮಾತ್ರ ಮತ್ತೆ ತೊಡಗಿಸುತ್ತಾನೆಂದು ಇಟ್ಟುಕೊಳ್ಳೋಣ. ಮೂರು ವರ್ಷ ಗಾಳಿಯಿಲ್ಲ: ೪೨೦ರಂತೆ ಮೂರು ಸಲ, ಒಟ್ಟು ೧,೨೬೦. ನಾಲ್ಕನೆಯ ವರ್ಷ ಗಾಳಿ ಬಂದು ಅಸಲು ಪೂರ್ತಿ ಹೋಯಿತು. ಉಳಿದ ಲಾಭ ೨೬೦ ರೂಪಾಯಿ. ನಾಲ್ಕು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ ನೂರಕ್ಕೆ ಆರೂವರೆ. ಬ್ಯಾಂಕಿನ ಠೇವಣಿಯು ನಿದ್ದೆಗೆಡಿಸದೆ ಇಷ್ಟನ್ನೇ ಕೊಡುತ್ತಿತ್ತಲ್ಲವೇ? ಗಾಳಿಯು ನಾಲ್ಕನೆಯ ವರ್ಷವನ್ನು ಕಾಯದೆ ಮೂರನೆಯ ವರ್ಷದಲ್ಲಿಯೇ ಬಂದರೆ ೮೪೦ ಗಳಿಸಿ ಸಾವಿರ ಕಳೆದಂತಾಗುತ್ತದೆ. ಲಾಭವನ್ನು ಮನೆಗೆ ತಾರದೆ ಅಸಲಿಗೆ ಕೂಡಿಸುತ್ತ ಹೋದವನಿಗಂತೂ ಒಂದೇ ರಾತ್ರಿಯಲ್ಲಿ ಎಲ್ಲವೂ ಶೂನ್ಯ.

ಇದಕ್ಕೆ ಸರಕಾರದ ತೆರಿಗೆಯನ್ನೂ ಕೂಡಿಸಬೇಕು. ಕ್ರಿಪ್ಟೊ ಮೊದಲಾದ ಅದೃಶ್ಯ ಸ್ವತ್ತುಗಳ ಲಾಭದ ಮೇಲೆ ನಮ್ಮ ಕೇಂದ್ರ ಸರಕಾರವು ೨೦೨೨ರ ಏಪ್ರಿಲ್ ೧ರಿಂದ ನೂರಕ್ಕೆ ೩೦ರಂತೆ ತೆರಿಗೆಯನ್ನು ವಿಧಿಸಿದೆ. ಅಂಥ ಸ್ವತ್ತಿನ ನಷ್ಟವನ್ನು ಬೇರೆ ಲಾಭದಲ್ಲಿ ಕಳೆಯಗೊಡುವದಿಲ್ಲ. ಈ ಟೋಕನ್ನು ಆ ವರ್ಗಕ್ಕೆ ಸೇರಿತೆಂದು ತೆರಿಗೆಯ ಅಧಿಕಾರಿಗಳು ಎಣಿಸಿದಲ್ಲಿ, ಉಪಕರಗಳನ್ನು ಬಿಟ್ಟರೂ, ೪೨೦ರಲ್ಲಿ ಕೈಗೆ ಉಳಿಯುವದು ೨೯೪. ಮೂರು ವರ್ಷಗಳಿಗೆ ೮೮೨. ನಾಲ್ಕನೆಯ ವರ್ಷ ಸಾವಿರ ಹೋದರೆ ಒಟ್ಟು ೧೧೮ ರೂಪಾಯಿ ನಷ್ಟ. ಮೂರು ಸಲ ಗೆದ್ದು ಒಂದೇ ಸಲ ಸೋತವನು ನಷ್ಟದಲ್ಲಿ ಏಳುತ್ತಾನೆ! ನೂರಕ್ಕೆ ನಲವತ್ತೆರಡರ ಬೆಡಗು ಈ ಹತ್ತು ಸಾಲುಗಳ ಲೆಕ್ಕದ ಎದುರು ನಿಲ್ಲಲಿಲ್ಲ. ನಮ್ಮ ಊರುಗಳ ಲೆಕ್ಕಪತ್ರದವರು ಈ ಗಣಿತವನ್ನು ತಾವೇ ಮಾಡಿ ನೋಡಲಿ.

“ಹಾಗಾದರೆ ಲೋಕದಲ್ಲಿ ಇಷ್ಟು ಜನ ಇದರಲ್ಲಿ ಹಣ ಹಾಕುವದೇಕೆ?” ಎಂದು ಕೇಳುವವರುಂಟು. ಪ್ರಶ್ನೆಯು ನ್ಯಾಯವಾದುದು. ೧೯೯೨ರಲ್ಲಿ ಆಂಡ್ರೂ ಎಂಬ ಬಿರುಗಾಳಿಯು ಫ್ಲಾರಿಡಾದ ಹಲವು ವಿಮಾ ಕಂಪನಿಗಳನ್ನು ದಿವಾಳಿಯೆಬ್ಬಿಸಿದ ಮೇಲೆ, ವಿಪತ್ತಿನ ಹೊಣೆಯನ್ನು ಸಾಲಪತ್ರಗಳ ರೂಪದಲ್ಲಿ ದೊಡ್ಡ ಬಂಡವಾಳಗಾರರಿಗೆ ಮಾರುವ ಪದ್ಧತಿಯು ಬೆಳೆಯಿತು. ಶೇರುಪೇಟೆಯು ಬಿದ್ದರೆ ಗಾಳಿ ಬೀಸುವದಿಲ್ಲ, ಗಾಳಿ ಬೀಸಿದರೆ ಶೇರುಪೇಟೆಯು ಬೀಳಬೇಕೆಂದಿಲ್ಲ. ಆದುದರಿಂದ ಅಪಾರ ನಿಧಿಯುಳ್ಳ ಪಿಂಚಣಿಯ ಸಂಸ್ಥೆಗಳು ತಮ್ಮ ಹಣದ ಒಂದು ಸಣ್ಣ ಅಂಶವನ್ನು, ಹಲವು ದೇಶಗಳ ಭೂಕಂಪ, ಬಿರುಗಾಳಿಗಳ ಮೇಲೆ ಚದುರಿಸಿ ಇಡುತ್ತವೆ. ಇದರಿಂದ ಲೋಕಕ್ಕೆ ಉಪಕಾರವೂ ಆಗಿದೆ. ೨೦೨೫ರ ಅಕ್ಟೋಬರದಲ್ಲಿ ಮೆಲಿಸಾ ಎಂಬ ಚಂಡಮಾರುತವು ಜಮೈಕಾ ದ್ವೀಪವನ್ನು ಧ್ವಂಸ ಮಾಡಿದಾಗ, ವಿಶ್ವಬ್ಯಾಂಕಿನ ಮೂಲಕ ಹೊರಟ ಇಂಥ ಸಾಲಪತ್ರದಿಂದ ಆ ಬಡ ದ್ವೀಪಕ್ಕೆ ೧೫ ಕೋಟಿ ಡಾಲರು ಪೂರ್ತಿಯಾಗಿ ದೊರೆಯಿತು. ಸಾಲಪತ್ರ ಕೊಂಡವರು ಅಷ್ಟನ್ನೂ ಕಳೆದುಕೊಂಡರು. ಆದರೆ ಅವರಲ್ಲಿ ಯಾರ ಮನೆಯ ಒಲೆಯೂ ಆರಲಿಲ್ಲ. ಕಳೆದುಕೊಳ್ಳಬಲ್ಲವನು ಹೊಣೆ ಹೊತ್ತರೆ ಅದು ವ್ಯವಸ್ಥೆ. ಕಳೆದುಕೊಳ್ಳಲಾರದವನು ಹೊತ್ತರೆ ಅದು ಅನರ್ಥ.

ಹೊರೆಯನ್ನು ಹಂಚುವದೇ ಪುನರ್ವಿಮೆಯ ಧರ್ಮವೆಂದು ಮೇಲೆ ಹೇಳಿದೆವು. ಸಣ್ಣ ಕಂಪನಿಯ ಕರಾರುಗಳು ಕೆಲವೇ ಕೆಲವು. ಅವೂ ಬಹುತೇಕ ಒಂದೇ ಕರಾವಳಿಯವು. ಅದರ ಟೋಕನ್ ಕೊಂಡ ಮಧ್ಯಮ ವರ್ಗದ ಗೃಹಸ್ಥನ ಕೈಯಲ್ಲಿ ಬೇರೆ ನೂರು ಹೊಣೆಗಳಿಲ್ಲ. ಅಮೇರಿಕೆಯ ಸಾವಿರಾರು ಮನೆಗಳ ಅಪಾಯವು ಹಂಚಿಹೋಗಿ ಹಗುರಾಯಿತು, ನಿಜ. ಆದರೆ ಹೋಗಿ ಕೂತುದು ತಿಳವಳ್ಳಿಯ ಒಂದು ಮನೆಯ ತೊಲೆಯ ಮೇಲೆ. ಅಲ್ಲಿ ಹಂಚಿಕೆಯಾದುದು ಇಲ್ಲಿ ಒಟ್ಟಲಾಗಿದೆ. ವಿಮೆಯ ಧರ್ಮವು ತಲೆಕೆಳಗಾಗುವದೆಂದರೆ ಇದೇ.

ಈ ಟೋಕನ್‌ಗಳು ‘ಬ್ಲಾಕ್‌ಚೈನ್’ ಎಂಬ, ಯಾರೂ ತಿದ್ದಲಾಗದ ಲೆಕ್ಕದಲ್ಲಿ ದಾಖಲಾಗುತ್ತವೆ, ಆದುದರಿಂದ ಭದ್ರ ಎಂಬ ವಾದವನ್ನು ತರುಣರು ಹೂಡುತ್ತಾರೆ. ದಾಖಲೆಯು ಭದ್ರವಿರಬಹುದು. ಆದರೆ ನಮ್ಮ ತಿಳವಳ್ಳಿಯು ಶಾಂತೇಶ್ವರ ದೇವಾಲಯದ ಊರು; ಈ ಸೀಮೆಯಲ್ಲಿ ಶಾಸನವಿಲ್ಲದ ಹಳ್ಳಿಯನ್ನು ಹುಡುಕಬೇಕು. ದಾನದ ಹೊಲ, ಅದರ ಎಲ್ಲೆ, ಸಾಕ್ಷಿಗಳು, ಎಲ್ಲವನ್ನೂ ನಮ್ಮ ಹಿರಿಯರು ಅಳಿಸಲಾಗದಂತೆ ಕಲ್ಲಿನಲ್ಲಿ ಕೆತ್ತಿಸಿದರು. ಕೊನೆಗೆ, ದಾನವನ್ನು ಅಪಹರಿಸಿದವನಿಗೆ ಶಾಪವನ್ನೂ ಬರೆಯಿಸಿದರು. ಶಾಪದ ಅವಶ್ಯಕತೆಯೇಕೆ ಬಂತು? ಕಲ್ಲು ಬರಹವನ್ನು ಕಾಯುತ್ತದೆ, ಹೊಲವನ್ನು ಕಾಯುವದಿಲ್ಲವೆಂದು ಅವರು ಬಲ್ಲವರಾಗಿದ್ದರು. ಕಲ್ಲು ಇಂದಿಗೂ ನಿಂತಿದೆ. ಎಷ್ಟೋ ಹೊಲಗಳು ಎಂದೋ ಕೈಬಿಟ್ಟಿವೆ. ಟೋಕನ್ನಿನ ದಾಖಲೆಯು ಇದು ಯಾರದೆಂದು ಹೇಳುತ್ತದೆ. ಗಾಳಿಯು ಬರುವದಿಲ್ಲವೆಂದು ಹೇಳುವದಿಲ್ಲ. ವ್ಯಾಜ್ಯ ಬಂದರೆ ಹಾನಗಲ್ಲಿನ ನ್ಯಾಯಾಲಯಕ್ಕಾಗಲಿ, ಧಾರವಾಡದ ಹೈಕೋರ್ಟಿನ ಪೀಠಕ್ಕಾಗಲಿ ಕೇಮನ್ ದ್ವೀಪದ ಕಂಪನಿಯನ್ನು ಎಳೆದು ತರುವದು ಸಣ್ಣ ಗೃಹಸ್ಥನಿಗೆ ಸಾಧ್ಯವಾದ ಮಾತೇ?

ಇಷ್ಟು ಹೇಳಿ ನಿಲ್ಲಿಸಿದರೆ ನಮ್ಮ ಮಾತು ಬರಿಯ ಬೇಡವೆನ್ನುವ ಮಾತಾದೀತು. ವಿಪತ್ತಿನ ಹೊಣೆಯನ್ನು ಅಳತೆಗೋಲಿನಿಂದ ಅಳೆದು ಹಂಚಬೇಕೆಂಬ ವಿಚಾರವು ನಮಗೆ ಹೊರಗಿನಿಂದ ಬಂದುದೇನೂ ಅಲ್ಲ. ೧೮೯೧ರಲ್ಲಿಯೇ ಮೈಸೂರು ಸಂಸ್ಥಾನವು ತನ್ನ ನೌಕರರಿಗಾಗಿ ಸರಕಾರಿ ಜೀವವಿಮೆಯನ್ನು ಆರಂಭಿಸಿತ್ತು. ಆ ಸಂಸ್ಥಾನದ ಅಧಿಕಾರಿ ಜೆ. ಎಸ್. ಚಕ್ರವರ್ತಿಯವರು ೧೯೨೦ರಲ್ಲಿ ಬೇಸಾಯದ ವಿಮೆಯನ್ನು ಕುರಿತು ಒಂದು ಗ್ರಂಥವನ್ನೇ ಬರೆದು, ಮಳೆಯು ಗೊತ್ತಾದ ಗುರುತಿಗಿಂತ ಕಡಿಮೆಯಾದಾಗ, ಹೊಲಹೊಲವನ್ನು ಪರೀಕ್ಷಿಸುವ ಗೊಡವೆಯಿಲ್ಲದೆ, ಮಳೆಮಾಪಕದ ಅಂಕೆಯ ಮೇಲೆಯೇ ರೈತನಿಗೆ ಪರಿಹಾರ ಕೊಡಬೇಕೆಂದು ಸೂಚಿಸಿದರು. ಅದು ಅಂದು ಕಾರ್ಯರೂಪಕ್ಕೆ ಬರಲಿಲ್ಲ. ಮಳೆಯ ಅಂಕೆಯ ಮೇಲಿನ ವಿಮೆಯು ನಮ್ಮ ದೇಶದಲ್ಲಿ ಪ್ರಯೋಗಕ್ಕೆ ಬಂದುದು ೨೦೦೩ರಲ್ಲಿ. ಕನ್ನಡದ ನೆಲದಲ್ಲಿ ಬರೆದಿಟ್ಟ ವಿಚಾರವು ಎಂಬತ್ತಕ್ಕೂ ಹೆಚ್ಚು ವರ್ಷ ಕಪಾಟಿನಲ್ಲಿ ಮಲಗಿತು.

ಇಂದು ಅದೇ ತತ್ತ್ವವು ನಮ್ಮ ಹೊಲಗಳಲ್ಲಿದೆ. ೨೦೧೬ರಲ್ಲಿ ಆರಂಭವಾದ ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರಧಾನ್ಯಕ್ಕೆ ರೈತನು ವಿಮಾ ಮೊತ್ತದ ನೂರಕ್ಕೆ ೨ರಷ್ಟನ್ನೂ ಹಿಂಗಾರಿಗೆ ಒಂದೂವರೆಯಷ್ಟನ್ನೂ ವಾಣಿಜ್ಯ ಹಾಗೂ ತೋಟದ ಬೆಳೆಗಳಿಗೆ ಹೆಚ್ಚೆಂದರೆ ೫ರಷ್ಟನ್ನೂ ಕಟ್ಟುತ್ತಾನೆ. ಮಿಕ್ಕುದನ್ನು ರಾಜ್ಯ ಹಾಗೂ ಕೇಂದ್ರ ಸರಕಾರಗಳು ಭರಿಸುತ್ತವೆ. ಭತ್ತ, ಗೋವಿನಜೋಳಗಳಂಥ ಮುಖ್ಯ ಬೆಳೆಗಳಿಗೆ ಗ್ರಾಮ ಪಂಚಾಯತಿಯನ್ನೇ ಘಟಕವಾಗಿಟ್ಟುಕೊಂಡು ಬೆಳೆ ಕಟಾವಿನ ಪ್ರಯೋಗಗಳಿಂದ ಇಳುವರಿಯನ್ನು ಗೊತ್ತುಮಾಡುತ್ತಾರೆ. ಅಡಿಕೆ, ಮಾವು, ಶುಂಠಿಗಳಂಥ ಬೆಳೆಗಳಿಗೆ ಹವಾಮಾನದ ಅಂಕೆಗಳೇ ಆಧಾರ. ಈ ಹೊಣೆಯೂ ಪುನರ್ವಿಮೆಗಾರರ ಕಡೆಗೇ ಸಾಗುತ್ತದೆ. ಹಾಗಿರುವದರಿಂದ ತಿಳವಳ್ಳಿಯ ರೈತನು ಆಗಲೇ ಈ ಸರಪಳಿಯ ಒಂದು ತುದಿಯಲ್ಲಿದ್ದಾನೆ. ಸರಪಳಿಯು ಎಷ್ಟು ಗಟ್ಟಿಯೆಂಬದು ಕೇಮನ್ ದ್ವೀಪದ ಯಂತ್ರದಿಂದ ನಿಶ್ಚಯವಾಗುವದಿಲ್ಲ. ನಮ್ಮ ಪಂಚಾಯತಿಯ ಮಳೆಮಾಪಕವು ಸರಿಯಾಗಿದೆಯೇ, ಕಟಾವಿನ ಪ್ರಯೋಗವು ಎಲ್ಲರೆದುರು ನಡೆಯಿತೇ ಎಂಬದರಿಂದ ನಿಶ್ಚಯವಾಗುತ್ತದೆ.

ಅಳತೆಯ ಮಹತ್ವಕ್ಕೆ ಜಮೈಕಾದ್ದೇ ಇನ್ನೊಂದು ನಿದರ್ಶನವುಂಟು. ೨೦೨೪ರ ಜುಲೈದಲ್ಲಿ ಬೆರಿಲ್ ಎಂಬ ಬಿರುಗಾಳಿಯು ಆ ದ್ವೀಪಕ್ಕೆ ಬಹಳ ಹಾನಿ ಮಾಡಿತು. ಆದರೆ ಗಾಳಿಯ ಒತ್ತಡವು ಕರಾರಿನ ಗುರುತಿನವರೆಗೆ ಇಳಿಯಲಿಲ್ಲವಾದ್ದರಿಂದ ಸಾಲಪತ್ರದ ಹಣವು ಒಂದು ಕಾಸೂ ಸಿಗಲಿಲ್ಲ. ಮಾಪಕದ ಒಂದು ಗೆರೆಯು ಒಂದು ದೇಶದ ಪಾಲನ್ನು ನಿರ್ಣಯಿಸುತ್ತದೆ; ಹಾಗೆಯೇ ಒಂದು ಪಂಚಾಯತಿಯ ಪಾಲನ್ನೂ ನಿರ್ಣಯಿಸುತ್ತದೆ. ಆದುದರಿಂದ ನಮ್ಮ ಬೇಡಿಕೆ ಇಷ್ಟೇ: ಪ್ರತಿಯೊಂದು ಪಂಚಾಯತಿಯ ಮಳೆಯ ಅಂಕೆ, ಬೆಳೆಯ ಗೊತ್ತಾದ ಇಳುವರಿ, ಪ್ರಯೋಗದಲ್ಲಿ ಕಂಡ ಇಳುವರಿ, ಇವನ್ನು ಕನ್ನಡದಲ್ಲಿ ಪಂಚಾಯತಿಯ ಗೋಡೆಯ ಮೇಲೆ ಕಾಲಕಾಲಕ್ಕೆ ಬರೆಯಿಸಬೇಕು. ಪರಿಹಾರ ತಡವಾದರೆ ನೂರಕ್ಕೆ ೧೨ರಂತೆ ಬಡ್ಡಿ ಕೊಡತಕ್ಕದ್ದೆಂದು ೨೦೧೮ರಲ್ಲಿ ತಿದ್ದಿದ ನಿಯಮಗಳಲ್ಲಿ ಸೇರಿಸಲಾಯಿತು. ಇಂಥ ನಿಯಮವು ರೈತನ ಕಿವಿಗೆ ಬೀಳದಿದ್ದರೆ ಅದರಿಂದ ಫಲವೇನು? ನಮ್ಮ ಊರುಗಳ ನಿವೃತ್ತ ಅಧಿಕಾರಿಗಳು ಕಾಗದಪತ್ರ ಓದಬಲ್ಲರು, ಅಂಕೆಗಳನ್ನು ಪ್ರಶ್ನಿಸಬಲ್ಲರು. ಅವರ ಹಣಕ್ಕಿಂತ ಅವರ ಈ ಸಾಮರ್ಥ್ಯದಿಂದ ಊರಿಗೆ ಆಗುವ ಪ್ರಯೋಜನವು ಹೆಚ್ಚಿನದು.

ಹೊಣೆ ಹೊರುವದಕ್ಕೆ ನಮ್ಮ ಜನರು ಎಂದೂ ಹಿಂಜರಿದವರಲ್ಲ. ಗದಗಿನ ಬಳಿಯ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಸಹಕಾರಿ ಪತ್ತಿನ ಸಂಘವು ಹುಟ್ಟಿತು. ೧೯೦೪ರ ಕಾಯದೆಯ ಮೇರೆಗೆ ಹಳ್ಳಿಯ ಪತ್ತಿನ ಸಂಘಗಳ ಸದಸ್ಯರ ಹೊಣೆಯು ಸಾಮಾನ್ಯವಾಗಿ ಅಪರಿಮಿತವಾಗಿರುತ್ತಿತ್ತು. ಒಬ್ಬನ ಸಾಲಕ್ಕೆ ಎಲ್ಲರೂ ಜಾಮೀನು. ಟೋಕನ್ನಿನಲ್ಲಿ ಹೋಗುವದು ಹಾಕಿದ ಹಣ ಮಾತ್ರ. ಅಲ್ಲಿ ಮನೆಮಾರೂ ಹೋಗಬಹುದಾಗಿತ್ತು. ಆದರೂ ಅದು ಸಾಹಸವೆನಿಸಲಿಲ್ಲ. ಏಕೆಂದರೆ ಜಾಮೀನು ನಿಂತವನು ಸಾಲಗಾರನ ಹೊಲವನ್ನು ದಿನಾಲು ಹಾಯ್ದು ಹೋಗುತ್ತಿದ್ದನು. ಹೊಣೆಯು ದೊಡ್ಡದೋ ಚಿಕ್ಕದೋ ಎಂಬದಕ್ಕಿಂತ, ಹೊತ್ತವನು ಅದನ್ನು ಕಣ್ಣಾರೆ ಕಾಣಬಲ್ಲನೇ ಎಂಬದು ಮುಖ್ಯ.

ತಿಳವಳ್ಳಿಯ ಮಹನೀಯರಿಗೆ ನಾವು ಕೊಟ್ಟ ಉತ್ತರವನ್ನೇ ಎಲ್ಲ ವಾಚಕರಿಗೂ ನಿವೇದಿಸುತ್ತೇವೆ. ಪಿಂಚಣಿಯ ಹಣ, ಮಗಳ ಮದುವೆಯ ಹಣ, ಸಾಲ ತಂದ ಹಣ, ಇವುಗಳಲ್ಲಿ ಒಂದು ರೂಪಾಯಿಯನ್ನೂ ಇದರಲ್ಲಿ ಹಾಕತಕ್ಕದ್ದಲ್ಲ. ಹೋದರೆ ಹೋಯಿತೆಂದು ಮನೆಯವರೆದುರು ನಗುತ್ತ ಹೇಳಬಹುದಾದಷ್ಟು ಹಣವು ಬೇರೆ ಇದ್ದವನು, ಕಾಯದೆಯ ಸಲಹೆ ಪಡೆದು, ಹಾಕಿದರೆ ಹಾಕಲಿ. ಹಾಕುವ ಮೊದಲು ಕೇಳಲಿ: ಯಾವ ಕರಾವಳಿ, ಎಷ್ಟು ಕರಾರುಗಳು, ಎಷ್ಟು ಹಾನಿಯಾದರೆ ನನ್ನ ಅಸಲು ಹೋಗುತ್ತದೆ, ನಡುವೆ ಬೇಕಾದರೆ ಯಾರಿಗೆ ಮಾರಬಹುದು, ಹಿಂದಿನ ಗಾಳಿಯಲ್ಲಿ ಏನಾಯಿತು? ಈ ಐದಕ್ಕೂ ತಿಳಿಯುವ ಮಾತಿನಲ್ಲಿ ಉತ್ತರ ದೊರೆಯದಿದ್ದರೆ ಕೈಯನ್ನು ಹಿಂದಕ್ಕೆ ತೆಗೆಯಲಿ.

ಆ ಮಹನೀಯರು ಕಾಗದವನ್ನು ಮಡಿಚಿ ಕಿಸೆಯಲ್ಲಿಟ್ಟುಕೊಂಡು, “ಬರುವ ವಾರ ನಮ್ಮ ಪಂಚಾಯತಿಗೆ ಹೋಗಿ ಮಳೆಯ ಅಂಕೆ ಕೇಳುತ್ತೇನೆ” ಎಂದು ಹೇಳಿ ಎದ್ದರು. ಅಂಕೆಗಳು ದೊರೆತರೆ ನಮಗೂ ಕಳಿಸಬೇಕೆಂದು ಕೇಳಿಕೊಂಡಿದ್ದೇವೆ. ಬಂದ ದಿನ ಅವನ್ನು ಇದೇ ಪುಟದಲ್ಲಿ ಅಚ್ಚು ಹಾಕುವೆವು. ಬೇರೆ ಪಂಚಾಯತಿಗಳ ವಾಚಕರೂ ಹೀಗೆಯೇ ಮಾಡಲೆಂದು ನಮ್ಮ ಪ್ರಾರ್ಥನೆ.